ಕೆಡವಿದ ಮಿಲ್ಲಿನ ಪಕ್ಕದ ಮನೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಣಿಪಾಲದ ನನ್ನ ಕೋಣೆಯಲ್ಲಿ ಕೂತು, ಕಾರ್ಕಳದ ಗೆಳೆಯ ರಘುವಿನ ಜೊತೆ ಆನ್‌ಲೈನಿನಲ್ಲಿ ಜಗಳವಾಡುತ್ತಿದ್ದೆ. ವಿಳಾಸ ಕೊಟ್ಟರೆ ನಕ್ಷೆಯಲ್ಲಿ ಜಾಗ ಹುಡುಕಿಕೊಡುವ ಓಪನ್ ಸೋರ್ಸ್ ತಂತ್ರಾಂಶವೊಂದನ್ನು ನಾವು ಕೆಲವರು ಬಿಡುವಿನಲ್ಲಿ ಕಟ್ಟುತ್ತಿದ್ದೇವೆ. ಮುಂದಿನ ಆವೃತ್ತಿಯಲ್ಲಿ ಮನೆ ಹೆಸರಿನಿಂದಲೂ ಹುಡುಕುವಂತಾಗಬೇಕು ಎಂಬುದು ನನ್ನ ಹಟ.

"ಮನೆ ಹೆಸರೆಲ್ಲ ಆಮೇಲೆ ನೋಡುವ ಮಾರಾಯ. ಮೊದಲು ಸರ್ಚ್ ಫಾಸ್ಟ್ ಆಗ್ಲಿ," ಎಂದ ರಘು.

ಅಷ್ಟರಲ್ಲಿ ಆಂಬುಲೆನ್ಸ್ ಚಾಲಕನೊಬ್ಬನ ಫೋನ್ ಬಂತು. ಕಲ್ಯಾಣಪುರದ 'ಹೊಸಮನೆ'ಯಲ್ಲಿರುವ ದೊಡ್ಡಮ್ಮನಿಗೆ ಉಸಿರು ಕಟ್ಟುತ್ತಿತ್ತು. ನಕ್ಷೆಯ ಕೆಲಸ ಮಾಡುವವನು ದಾರಿ ಹೇಳುತ್ತಾನೆ ಎಂದು ದೊಡ್ಡಪ್ಪ ಅವನಿಗೆ ನನ್ನ ನಂಬರ್ ಕೊಟ್ಟಿದ್ದರು.

"ಸರ್, ಹೊಸಮನೆ ಅಂತ ಹಾಕಿದ್ರೆ ಶಂಕರಪುರದ ಯಾವುದೋ ಮನೆ ತೋರಿಸ್ತಾ ಉಂಟು. ನಾನು ಕಲ್ಯಾಣಪುರದಲ್ಲೇ ಸುತ್ತುತ್ತಾ ಇದ್ದೇನೆ."

"ಅಕ್ಕಿ ಮಿಲ್ಲಿನ ಪಕ್ಕದ ಓಣಿಗೆ ಬನ್ನಿ."

"ಮಿಲ್ ಎಲ್ಲಿ ಉಂಟು ಸರ್?"

ಆಗಲೇ ನನಗೆ ಹೊಳೆದದ್ದು. ಮಿಲ್ ಕೆಡವಿ ಎಷ್ಟೋ ವರ್ಷವಾಗಿದೆ. ಅಲ್ಲೀಗ ಇರುವ ಕಟ್ಟಡದ ಹೆಸರು ನನಗೆ ಗೊತ್ತೇ ಇಲ್ಲ. ಮನೆಯಲ್ಲಿ ಎಲ್ಲರೂ ಆ ಜಾಗಕ್ಕೆ ಈಗಲೂ ಮಿಲ್ ಎಂದೇ ಹೇಳುವುದು.

"ಸೈರನ್ ಹಾಕಿ ನಿಧಾನ ಹೋಗಿ. ದೊಡ್ಡಪ್ಪನಿಗೆ ರಸ್ತೆಗೆ ಬರ್ಲಿಕ್ಕೆ ಹೇಳ್ತೇನೆ."

ಸೈರನ್ ಕೇಳಿ ದೊಡ್ಡಪ್ಪ ಬರಿಗಾಲಲ್ಲಿ ಓಡಿಬಂದು ಗಾಡಿ ನಿಲ್ಲಿಸಿದರಂತೆ.

ನನ್ನ ಮೈಕ್ ಆನ್ ಆಗಿಯೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದ ರಘು ಸಣ್ಣ ದನಿಯಲ್ಲಿ, "ಮನೆ ಹೆಸರು ಈ ಸಲವೇ ಹಾಕುವ," ಎಂದ.

"ಕೆಡವಿದ ಮಿಲ್ಲನ್ನೂ," ಎಂದೆ.

"ಇಲ್ಲದ್ದನ್ನು ನಕ್ಷೆಯಲ್ಲಿ ಹಾಕುವುದು ಎಂತಕ್ಕೆ?"

ಸಂಜೆ ಆಸ್ಪತ್ರೆಗೆ ಹೋದಾಗ ದೊಡ್ಡಮ್ಮ ಎದ್ದು ಕೂತಿದ್ದರು. ನರ್ಸ್ ವಿಳಾಸ ಕೇಳಿದರು.

"ಮಿಲ್ಲಿನ ಹತ್ರ, ಹೊಸಮನೆ," ಎಂದರು ದೊಡ್ಡಮ್ಮ.

ನರ್ಸ್ ಮರುಪ್ರಶ್ನೆ ಹಾಕದೆ ಬರೆದುಕೊಂಡರು. ಅವರೂ ಕಲ್ಯಾಣಪುರದವರೇ ಅಂತೆ.