ಗಟ್ಟಿಯಾಗಿ ಹಿಡಿಯುವವರು ಬೇಕಾಗಿದ್ದರು

ಕಮಲಾಪುರದ ಬಸ್ ನಿಲ್ದಾಣದಲ್ಲಿ ಸಂತೆಯ ದಿನ ಒಬ್ಬ ನನ್ನ ಚೀಲಕ್ಕೆ ಕೈ ಹಾಕಿದ. ನಾನು ಬಿಡದಿದ್ದಾಗ ಮಣಿಕಟ್ಟು ಹಿಡಿದು ಎಳೆದ. ಜನ ಕೂಗಿದ್ದಕ್ಕೆ ಓಡಿಹೋದನೇ ಹೊರತು ನನ್ನ ಬಲಕ್ಕಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಗೆ ಬಂದಾಗ, ಬಳೆ ಒಡೆದು ಆದ ಗಾಯ ನೋಡಿ ಯಜಮಾನರು, "ಸಾಕು, ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕು. ನೀ ಬರೋತನಕ ನನಗ ಜೀವದಾಗ ಜೀವ ಇರಂಗಿಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಹನ್ನೊಂದು ವರ್ಷದಿಂದ ದಿನವೂ ಬಸ್ಸಿನಲ್ಲಿ ಹೋಗಿ ಕಮಲಾಪುರದ ಹೆಣ್ಣುಮಕ್ಕಳಿಗೆ ಗಣಿತ ಕಲಿಸುತ್ತಿರುವವಳು ನಾನು. ಒಬ್ಬ ಕಳ್ಳನ ಸಲುವಾಗಿ ಅವರನ್ನು ಬಿಡಲು ನಾನು ಒಪ್ಪಲಿಲ್ಲ. ನನ್ನನ್ನು ನಾನೇ ಕಾಪಾಡಿಕೊಳ್ಳುವುದನ್ನು ಕಲಿಯಲು ಆರು ತಿಂಗಳು ಸಮಯ ಕೇಳಿದೆ.

ಮೊಣಕಾಲು ನೋವಿನ ಐವತ್ತರ ಹೆಂಗಸು ಒದೆಯುವ ವಿದ್ಯೆ ಕಲಿಯಲಾದೀತೇ? ಮೆತ್ತನೆಯ ವಿದ್ಯೆಯನ್ನೇ ಹುಡುಕಿದೆ. ಕಾಲೋನಿಯ ಉದ್ಯಾನದಲ್ಲಿ ತೈ ಚಿ ಎಂಬ ನಿಧಾನಗತಿಯ ಚೀನೀ ಕಸರತ್ತು ಹೇಳಿಕೊಡುತ್ತಿದ್ದರು. ಮೊಣಕಾಲಿಗೆ ಹಿತವಾಗಿತ್ತು. ಯಾರಾದರೂ ಕೈ ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆಂದು ಕೇಳಿದರೆ ಗುರುಗಳು, "ಅದಕ್ಕ ಭಾಳ ವರ್ಷ ಬೇಕ್ರೀ" ಎಂದರು. ಪ್ರಾಮಾಣಿಕ ಮನುಷ್ಯ. ನನ್ನ ಬಳಿ ಇದ್ದದ್ದು ಆರು ತಿಂಗಳು.

ಕಲಬುರಗಿಯ ಜಗತ್ ವೃತ್ತದ ಹತ್ತಿರ, ಅಂಗಡಿಯೊಂದರ ಮಹಡಿಯ ಮೇಲೆ, ಹಿಡಿತ ಬಿಡಿಸಿಕೊಳ್ಳುವ ಜಪಾನಿ ವಿದ್ಯೆ ಜುಜುತ್ಸುವಿನ ತರಗತಿ ನಡೆಯುತ್ತಿತ್ತು. ಅರವತ್ತು ದಾಟಿದ ಉಸ್ತಾದರು ಮೊದಲ ದಿನವೇ, "ಬಸ್ಸಿಗಿ ಹ್ಯಾಂಗ ಹೋಗ್ತೀರಿ, ಹಂಗೇ ಬರ್ರಿ. ಸೀರಿ ಉಟ್ಕೊಂಡು, ಚೀಲ ಹಾಕ್ಕೊಂಡು" ಎಂದರು. ಆ ಮಾತಿಗೇ ಅವರನ್ನು ಆರಿಸಿಕೊಂಡೆ. "ಜೋರ್ ನಕೋ ಟೀಚರ್, ಬಲ ಹಾಕಬ್ಯಾಡ್ರಿ. ಅವ ಎಳದ್ರ ಅವನ ಕಡೀನೇ ಹೆಜ್ಜಿ ಇಡ್ರಿ. ಅವನ ಹೆಬ್ಬೆಟ್ಟಿನ ಕಡೀಂದ ಕೈ ತಿರುವ್ರಿ" ಎಂದು ಕಲಿಸಿದರು. ಮೂರು ತಿಂಗಳಲ್ಲಿ ಅಲ್ಲಿ ನನ್ನ ಕೈ ಹಿಡಿದು ನಿಲ್ಲುವವರೇ ಇರಲಿಲ್ಲ.

ಆ ಜಂಬ ಕಮಲಾಪುರದಲ್ಲಿ ಇಳಿಯಿತು. ನಿಲ್ದಾಣದ ಬಳಿ ಕೆಂಪು ಬಾಳೆಹಣ್ಣು ಮಾರುವ ಅಕ್ಕನಿಗೆ ಕೈ ಕೊಟ್ಟು, ಹಿಡಿ ನೋಡೋಣ ಎಂದೆ. ಹಿಡಿದಳು. ತಿರುವಿದೆ, ಹೆಜ್ಜೆ ಇಟ್ಟೆ, ಏನೂ ಆಗಲಿಲ್ಲ. ಅವಳು ನಗುತ್ತ, "ದಿನಾ ಗೊನಿ ಎತ್ತೋ ಕೈರೀ ಟೀಚರ್" ಎಂದಳು.

ಆಗ ಹೊಳೆಯಿತು. ಜುಜುತ್ಸು ತರಗತಿಯ ಹುಡುಗಿಯರು ನನ್ನ ಕೈ ಹಿಡಿಯುವ ಮೊದಲು ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ಟೀಚರ್ ಕೈಯನ್ನು ಗಟ್ಟಿಯಾಗಿ ಹಿಡಿದಾರೆಯೇ? ನಾನೂ ಆಶೀರ್ವಾದ ಮಾಡಿ, ಬಿಡಿಸಿಕೊಂಡು, ಬೀಗುತ್ತಿದ್ದೆ. ಉಸ್ತಾದರಿಗೆ ಹೇಳಿದಾಗ ಅವರು ತಲೆ ತಗ್ಗಿಸಿ, "ನಾನೂ ಅದಬಿನಿಂದ, ಟೀಚರ್ ಅನ್ನೋ ಮರ್ಯಾದಿಗೆ, ಮೆತ್ತಗ ಹಿಡೀತಿದ್ದೆ. ತಪ್ಪು ನಂದೂ ಅದ" ಎಂದರು. ಅಂದಿನಿಂದ ನಮಸ್ಕಾರ ಬಂದ್. ಮೈಯೆಲ್ಲ ನೀಲಿಗಟ್ಟಿತು. ಬಾಳೆಹಣ್ಣಿನ ಅಕ್ಕನೂ ದಿನವೂ ಬಸ್ಸು ಬರುವತನಕ ಹಿಡಿಯುತ್ತಿದ್ದಳು. ಐದನೆಯ ತಿಂಗಳಲ್ಲಿ ಒಂದು ಸಂಜೆ ಅವಳ ಕೈಯಿಂದ ನನ್ನ ಕೈ ಹೊರಬಂತು. ಗಣಿತದಲ್ಲಿ ಪದಕ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆರು ತಿಂಗಳು ಮುಗಿದ ದಿನ ಯಜಮಾನರು ಅರ್ಜಿಯ ಮಾತೆತ್ತಿದರು. ನಾನು ಕೈ ಚಾಚಿದೆ.

"ಹಿಡೀರಿ. ನಾನು ನಿಮ್ಮ ಹೆಂಡತಿ ಅನ್ನೋದು ಮರ್ತು ಹಿಡೀರಿ."

ಮೊದಲು ಹಿಂಜರಿದರು, ಆಮೇಲೆ ನಿಜವಾಗಿಯೂ ಹಿಡಿದು ಎಳೆದರು. ನಾನು ಅವರತ್ತಲೇ ಹೆಜ್ಜೆ ಇಟ್ಟೆ. ಮರುಗಳಿಗೆ ನನ್ನ ಕೈ ನನ್ನ ಬಳಿಯಿತ್ತು, ಅವರು ಸೋಫಾದ ಮೇಲೆ ಕುಳಿತಿದ್ದರು. ತಮ್ಮ ಖಾಲಿ ಅಂಗೈಯನ್ನು ನೋಡಿಕೊಂಡರು.

"ನಾಳಿ ನಿನ್ನ ಕಮಲಾಪುರದ ಬಸ್ಸು ಎಷ್ಟಕ್ಕ ಅದ?" ಎಂದು ಕೇಳಿದರು.