ಎರಡು ಸುತ್ತು ಬಿಳುಪು

ಮನೆಮಂದಿಯೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಓದಿದ್ದು ಹೈಸ್ಕೂಲು, ಮಾಡುತ್ತಿದ್ದುದು ಅಣ್ಣನ ಫೋಟೋ ಸ್ಟುಡಿಯೋದಲ್ಲಿ ಮುಖ ತಿದ್ದುವ ಕೆಲಸ. ಕೋರ್ಟಿನ ಬಾಗಿಲನ್ನು ದೂರದಿಂದಲೂ ನೋಡಿದವಳಲ್ಲ. ಆದರೆ ಬಸ್ಸಿನಲ್ಲಿ ಹೊರದೇಶದಿಂದ ಬಂದ ಕಪ್ಪು ಮೈಬಣ್ಣದವರ ಪಕ್ಕ ಸೀಟು ಖಾಲಿ ಇದ್ದರೂ ಜನ ಕಂಬಿ ಹಿಡಿದು ನಿಂತಿದ್ದರೆ, "ಕೂತ್ಕೊಳ್ಳಿ, ಬಣ್ಣ ಅಂಟಲ್ಲ" ಎಂದುಬಿಡುವಳು. ಹಾಗೆಂದ ದಿನ ಮನೆಗೆ ಬಂದು ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಎನ್ನುತ್ತಾರಲ್ಲ, ಒದೆ ತಿಂದು ತಿಂದು ಇವಳ ಎದೆ ಕಲ್ಲಾಗಿರಬೇಕು ಎಂದು ಗಂಡ ತಮಾಷೆ ಮಾಡುತ್ತಿದ್ದ. ಕಲ್ಲಾಗಿರಲಿಲ್ಲ. ದಣಿದಿತ್ತು, ಅಷ್ಟೆ.

ದೊಡ್ಡ ಒದೆ ಬಿದ್ದದ್ದು ಅಣ್ಣನ ಮನೆಯ ಊಟದ ಮೇಜಿನಲ್ಲಿ. ಮಹಡಿಯ ಕೋಣೆ ಬಾಡಿಗೆಗೆ ಕೇಳಿಕೊಂಡು ಒಬ್ಬ ಬಂದಿದ್ದನಂತೆ. ಅತ್ತಿಗೆ ಬಾಗಿಲು ತೆರೆದು, ಅವನ ಮುಖ ನೋಡಿ, ಕೋಣೆ ಆಗಲೇ ಹೋಯಿತು ಎಂದು ಕಳಿಸಿದ್ದಳು. ಅದನ್ನೇ ನೆಂಟರ ಮುಂದೆ ಜಾಣತನವೆಂಬಂತೆ ಹೇಳಿಕೊಂಡಾಗ ಲಾಯರಮ್ಮ ತುತ್ತು ಕೆಳಗಿಟ್ಟು, ಹೆಸರು ಕೇಳುವ ಮೊದಲೇ ಬಣ್ಣ ನೋಡಿದಿರಲ್ಲ ಅತ್ತಿಗೆ, ಎಂದಳು. ಅವತ್ತಿನಿಂದ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಸ್ಟುಡಿಯೋದ ಕೆಲಸವೂ ಹೋಯಿತು. ಈಚೆಗೆ ಅಣ್ಣನ ಕಣ್ಣು ಮಂಜಾಗುತ್ತ ಬಂದು, ತಿದ್ದುವ ಕೆಲಸ ಕೈಗೂಡದೆ, ಅವನೇ ಫೋನು ಮಾಡಿದ. "ಬಾ. ಊರ ಉಸಾಬರಿ ಮಾತ್ರ ಹೊಸಿಲಾಚೆ ಬಿಟ್ಟು ಬಾ" ಎಂದ. ಇರುವವನು ಒಬ್ಬನೇ ಅಣ್ಣ. ಅವಳು ಹೂಂ ಎಂದಳು. ಇನ್ನೊಂದು ಸಲ ಮಾತು ಮುರಿದರೆ ಕೂಡಿಸುವಷ್ಟು ಆಯುಷ್ಯ ಇಬ್ಬರಿಗೂ ಉಳಿದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸ್ಟುಡಿಯೋ ಎಂದರೆ ಒಂದು ಉದ್ದನೆಯ ಕೋಣೆ. ಮುಂದೆ ಕೌಂಟರು ಮತ್ತು ಬೆಂಚು, ನಡುವೆ ಪರದೆ, ಪರದೆಯ ಹಿಂದೆ ಸ್ಟೂಲು, ದೀಪಗಳು, ತಲೆ ಬಾಚಿಕೊಳ್ಳಲು ಕನ್ನಡಿ, ಹಲ್ಲು ಮುರಿದ ಬಾಚಣಿಗೆ. ಅಪ್ಪನ ಕಾಲದಿಂದ ಅಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿ ಕೇಳಲಿ ಬಿಡಲಿ, ಪ್ರತಿ ಮುಖಕ್ಕೂ ಎರಡು ಸುತ್ತು ಬಿಳುಪು. ಅಪ್ಪ ಅದನ್ನು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮಾಡುತ್ತಿದ್ದ. ಈಗ ಕಂಪ್ಯೂಟರಿನಲ್ಲಿ ಒಂದೇ ಗುಂಡಿಯನ್ನು ಎರಡು ಸಲ ಒತ್ತಿದರೆ ಮುಗಿಯಿತು. ಅಪ್ಪ ಅದನ್ನು ಗಿರಾಕಿಗೆ ತೋರುವ ಮರ್ಯಾದೆ ಎನ್ನುತ್ತಿದ್ದ. ಬಸ್ಸಿನಲ್ಲಿ ವಾದ ಹೂಡುವ ಲಾಯರಮ್ಮನಿಗೂ ಆ ಗುಂಡಿಯ ಮೇಲೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಕಣ್ಣನ್ನು ಕೇಳದೆ ಬೆರಳೇ ಒತ್ತಿಬಿಡುತ್ತಿತ್ತು.

ಅವಳು ಕೆಲಸಕ್ಕೆ ಮರಳಿದ ಮೂರನೆಯ ವಾರದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು. ದೂರದ ದೇಶದವಳು, ದಟ್ಟ ಕಪ್ಪು ಬಣ್ಣ, ಇಲ್ಲಿಯ ಮಾತನ್ನು ಎಡವದೆ ಆಡಬಲ್ಲವಳು. ಹಿಂದಿನ ವಾರ ಇಲ್ಲೇ ತೆಗೆಸಿದ ಫೋಟೋ ಕೌಂಟರಿನ ಮೇಲಿಟ್ಟಳು. ಗುರುತಿನ ಚೀಟಿ ಕೊಡುವ ಕಚೇರಿಯವರು ಇದು ನೀವಲ್ಲ ಎಂದು ವಾಪಸು ಕಳಿಸಿದ್ದಾರೆ, ಚೀಟಿ ಇಲ್ಲದೆ ನಾಳೆಯಿಂದ ಡ್ಯೂಟಿ ಕೊಡುವುದಿಲ್ಲ ಎಂದಳು. ಲಾಯರಮ್ಮ ಫೋಟೋ ನೋಡಿದಳು. ನರ್ಸಿನ ಕಣ್ಣು, ನರ್ಸಿನ ಮೂಗು, ಸುತ್ತಲೂ ಯಾರದೋ ಬೂದಿ ಬಣ್ಣದ ಮುಖ. ಅವಳದೇ ಕೈಕೆಲಸ.

ಅಣ್ಣ ಕನ್ನಡಕ ಏರಿಸಿದ. "ಬೆಳ್ಳಗೆ ಮಾಡ್ಕೊಟ್ರೆ ಬೇಡ ಅನ್ನೋ ಗಿರಾಕಿ ನೀವೊಬ್ರೇ ನೋಡಿ ಸಿಸ್ಟರ್. ಇದ್ದ ಹಾಗೇ ತೆಗೆದ್ರೆ ಹಲ್ಲು ಬಿಟ್ಟು ಬೇರೇನೂ ಬರಲ್ಲ."

ಬೆಂಚಿನ ಮೇಲೆ ಕಾಯುತ್ತಿದ್ದ ಗಂಡಹೆಂಡತಿ ನಕ್ಕರು. ನರ್ಸೂ ನಕ್ಕಳು. ಎಷ್ಟೋ ಸಲ ಕೇಳಿದವಳ ನಗು ಅದು. ಅವರದು ಮುಗಿಯುವ ಮೊದಲೇ ಮುಗಿದುಹೋಯಿತು. ಲಾಯರಮ್ಮ ಪರದೆ ಸರಿಸಿ ದೀಪ ಹಾಕಲು ಬಗ್ಗಿದಳು. ನನಗೆ ಕೇಳಿಸಲಿಲ್ಲ ಎಂದುಕೊಂಡಳು. ಮೊಣಕಾಲು ನೋಯುತ್ತಿದೆ, ಮಧ್ಯಾಹ್ನದ ಊಟ ಆಗಿಲ್ಲ, ಅಣ್ಣ ಎರಡು ವರ್ಷದ ಮೇಲೆ ಮಾತಾಡುತ್ತಿದ್ದಾನೆ ಎಂದುಕೊಂಡಳು. ನಗು ಸಿಕ್ಕಿದವನು ಸುಮ್ಮನಿದ್ದಾನೆಯೇ? ಇವರಿಗೆ ಇನ್ನೊಂದು ದೀಪ ಬಾಡಿಗೆಗೆ ತರಬೇಕು ಎಂದು ಅಣ್ಣ ಬೆಂಚಿನ ಕಡೆ ತಿರುಗಿ ಹೇಳುವುದು ಪರದೆ ದಾಟಿ ಬಂತು.

ಅವಳು ಹೊರಗೆ ಬಂದಳು. ದನಿ ಏರಿಸುವ ಶಕ್ತಿಯೂ ಇರಲಿಲ್ಲ.

"ಸಾಕು ಅಣ್ಣ. ಅವರು ಫೋಟೋಗೆ ಬಂದಿರೋದು, ನಗೆಪಾಟಲಾಗೋಕಲ್ಲ. ತಪ್ಪಾಯ್ತು ಅನ್ನು."

ಅಣ್ಣನ ಕಿವಿ ಕೆಂಪಾಯಿತು. "ಮುಖ ಕೆಡಿಸಿದ್ದು ಯಾರ ಕೈ? ನಂದಾ?"

"ನಂದೇ. ಸಿಸ್ಟರ್, ತಪ್ಪಾಯ್ತು. ಕೇಳದೆ ನಿಮ್ಮ ಮುಖ ಮುಟ್ಟಿದೆ." ಮತ್ತೆ ಅಣ್ಣನ ಕಡೆ ತಿರುಗಿದಳು. "ನಂದಾಯ್ತು. ಈಗ ನೀನು ಹೇಳು."

ಬೆಂಚಿನ ಹೆಂಗಸು ಸೆರಗು ಸರಿಮಾಡಿಕೊಂಡಳು. ಅವಳ ಗಂಡ ಗೋಡೆಯ ಮೇಲಿನ ಮದುಮಕ್ಕಳ ಫೋಟೋಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅಣ್ಣ ಕ್ಯಾಮೆರಾ ಕೈಗೆತ್ತಿಕೊಂಡ. ಕೊನೆಗೆ ಮಾತಾಡಿದವಳು ನರ್ಸೇ.

"ಅಮ್ಮಾ, ನಂಗೆ ಫೋಟೋ ಬೇಕು. ಜಗಳ ಬೇಡ. ಕಚೇರಿ ಮುಚ್ಚಿಬಿಡ್ತಾರೆ."

ಅಣ್ಣ ಕ್ಯಾಮೆರಾವನ್ನು ಕೌಂಟರಿನ ಮೇಲೆ ಇಟ್ಟು ಬೀದಿಗಿಳಿದು ಹೋದ. ಲಾಯರಮ್ಮನೇ ತೆಗೆದಳು. ದೀಪ ಹತ್ತಿರ ತಂದು, ಪಕ್ಕಕ್ಕೆ ತಿರುಗಿಸಿ, ಮತ್ತೆ ಮತ್ತೆ ತೆಗೆದು, ಕೆನ್ನೆಯ ಮೇಲೆ ಕೆನ್ನೆಯದೇ ಬಣ್ಣ ಬರುವವರೆಗೆ ಬಿಡಲಿಲ್ಲ. ನರ್ಸ್ ಫೋಟೋ ಹಿಡಿದು ಕನ್ನಡಿಯ ಮುಂದೆ ನಿಂತು ಹೋಲಿಸಿ ನೋಡಿ, ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಹೇಳಿದಳು:

"ಮುಂದಿನ ಸಲ ನಾನು ಬಂದ್ರೆ ಅವರು ಜೋಕು ಮಾಡಲ್ಲ, ಮುಖ ಗಂಟು ಹಾಕ್ಕೊಳ್ತಾರೆ. ಯಾವುದು ವಾಸಿ ಅಂತ ಇನ್ನೂ ನಂಗೆ ಗೊತ್ತಾಗಿಲ್ಲ." ಮೆಟ್ಟಿಲಿಳಿದು, ಒಂದು ಕ್ಷಣ ತಡೆದು, "ಆದ್ರೂ ಇರಲಿ" ಎಂದಳು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಣ್ಣ ಬಂದು ಬೀಗದ ಕೈ ತೆಗೆದುಕೊಂಡು ಹೋದ. ರಾತ್ರಿ ಅತ್ತಿಗೆಯ ಫೋನು ಬಂತು: ನಾಲಿಗೆ ನಿನ್ನದಿರಬಹುದು, ಅಂಗಡಿ ಅವರದು. ಗಂಡ ತಲೆಗೆ ಕಟ್ಟುವ ಬಟ್ಟೆಯನ್ನು ತಾನೇ ಹುಡುಕಿ ತಂದುಕೊಟ್ಟ.

ಮರುದಿನ ಬೆಳಗ್ಗೆ, ಒಳಗೆ ಬಿಡುತ್ತಾನೋ ಇಲ್ಲವೋ ತಿಳಿಯದೆಯೇ ಅವಳು ಹೋದಳು. ಅಣ್ಣ ಕಸ ಗುಡಿಸುತ್ತಿದ್ದ. ಪೊರಕೆ ಅವಳ ಕಾಲು ಸುತ್ತಿಕೊಂಡು ಮುಂದೆ ಹೋಯಿತು. ಅವಳು ತನ್ನ ಕುರ್ಚಿಯಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ವಾರ್ಡಿನ ಆಳೊಬ್ಬ ಬಂದ. ನರ್ಸಿನ ದೇಶದವನೇ. ಅವನ ಫೋಟೋವನ್ನೂ ಕಚೇರಿಯವರು ವಾಪಸು ಕಳಿಸಿದ್ದರಂತೆ, ಸಿಸ್ಟರ್ ಇಲ್ಲಿಗೆ ಕಳಿಸಿದರಂತೆ.

"ಬನ್ನಿ ಬನ್ನಿ" ಎಂದ ಅಣ್ಣ, ವ್ಯಾಪಾರದ ಗೆಲುವಿನಲ್ಲಿ. "ನಿಮಗೂ ಇನ್ನೊಂದು ದೀಪ..." ಎಂದವನು ತಂಗಿಯ ಕಡೆ ನೋಡಿ ಅಲ್ಲಿಗೇ ನಿಂತ.

"ದೀಪ ಏನು?" ಎಂದ ಬಂದವನು.

"ಏನಿಲ್ಲ. ಸ್ಟೂಲ್ ಮೇಲೆ ಕೂತ್ಕೊಳ್ಳಿ."

ನಾಚಿಕೆಯಿಂದ ನಿಲ್ಲಿಸಿದನೋ, ಇವಳ ಕಾಟ ಯಾರಿಗೆ ಬೇಕು ಎಂದು ನಿಲ್ಲಿಸಿದನೋ, ಅವಳಿಗೆ ತಿಳಿಯಲಿಲ್ಲ. ತಾನು ಕುರ್ಚಿಯಲ್ಲಿ ಇಲ್ಲದ ದಿನ ಆ ಮಾತು ಪೂರ್ತಿಯಾಗುತ್ತದೆ ಎಂಬುದು ಮಾತ್ರ ಖಂಡಿತ. ಕಂಪ್ಯೂಟರಿಗೆ ಫೋಟೋ ಬಂದಾಗ ಅಣ್ಣ ಅವಳ ಮುಖ ನೋಡದೆ, ಇವರದು ಹಾಗೇ ಬಿಡು ಎಂದ.

"ಎಲ್ಲರದ್ದೂ ಹಾಗೇ ಬಿಡ್ತೀನಿ" ಎಂದಳು ಅವಳು.

ಅವನು ಕೇಳಿಸದವನಂತೆ ಕ್ಯಾಮೆರಾದ ಗಾಜು ಒರೆಸತೊಡಗಿದ. ಇದು ಇನ್ನೊಂದು ಜಗಳ, ಇದಕ್ಕಿಂತ ಉದ್ದದ್ದು, ಅಪ್ಪನನ್ನೂ ಎಳೆದು ತರುವಂಥದ್ದು ಎಂದು ಅವಳಿಗೆ ಗೊತ್ತಿತ್ತು. ಬೆಳಗಿನ ಹತ್ತು ಗಂಟೆಗೇ ಅವಳಿಗೆ ಸುಸ್ತಾಗಿತ್ತು.