ಹಿಮ್ಮೇಳಕ್ಕೆ ಕಾಯುತ್ತಿದ್ದ ಕೊಟ್ರಪ್ಪ

ಕೊಟ್ರಪ್ಪ ಕ್ಯಾಮೆರಾ ಕಣ್ಣಿಗೆ ಹಿಡಿದನೆಂದರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ವೇದಿಕೆಯ ಮೇಲೆ ಯಾರೇ ಹಾಡಲಿ, ಇವನು ಕೆಳಗೆ ಕುಕ್ಕರುಗಾಲಲ್ಲಿ ಕೂತು ಹಿಮ್ಮೇಳದವರ ಜೊತೆ ತಾನೂ ಸಾಲು ಎತ್ತಿಕೊಳ್ಳುತ್ತಿದ್ದ. ಕಂಠವೇನೂ ಚೆನ್ನಾಗಿರಲಿಲ್ಲ, ಪಕ್ಕದಲ್ಲಿ ವಿಡಿಯೋ ಮಾಡುವವರು ಹಲ್ಲು ಕಡಿಯುತ್ತಿದ್ದರು. ಹಾಡುವವರು ಮಾತ್ರ ಅವನನ್ನು ನೋಡಿ ನಗುತ್ತಿದ್ದರು.

ಅವನ ಊರು ಚಿಗಟೇರಿ; ನನ್ನದು ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ, ಎಲ್ಲಿ ಬಯಲಿನಲ್ಲಿ ಸಂಗೀತೋತ್ಸವ ನಡೆದರೂ ಇಬ್ಬರೂ ಹಾಜರು. ನನ್ನ ಕ್ಯಾಮೆರಾ ಅವನದಕ್ಕಿಂತ ಹೊಸದು, ಲೆನ್ಸು ಉದ್ದ. ಆದರೂ ಹಡಗಲಿಯಲ್ಲಿ ಒಮ್ಮೆ ತಂಬೂರಿ ಹಿಡಿದ ಹಿರಿಯರೊಬ್ಬರು, ನನ್ನ ಕೊರಳಲ್ಲಿ ಜೋತಾಡುತ್ತಿದ್ದ ಎರಡು ಕ್ಯಾಮೆರಾ ನೋಡಿಯೂ, "ಫೋಟೋದ ಕೊಟ್ರಪ್ಪ ಬಂದಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು. "ಬರ್ತಾನ್ರಿ," ಎಂದೆ. ಬರದೇ ಇರಲಿ ಎಂದು ಮನಸ್ಸಿನಲ್ಲಿ ಹರಕೆ ಹೊತ್ತೆ. ಬಂದ.

ಹೊಟ್ಟೆಕಿಚ್ಚು ನಿಜವಾಗಿ ಹತ್ತಿಕೊಂಡದ್ದು ಅವ್ವನ ವಿಷಯದಲ್ಲಿ. ನಮ್ಮವ್ವ ತತ್ವಪದ ಹಾಡುವ ತಂಡಕ್ಕೆ ಮುಂದಾಳು. ಅವಳು ಹಾಡುವಾಗಿನ ಒಂದು ಒಳ್ಳೆಯ ಫೋಟೋ ತೆಗೆದು ಅವಳಿಂದ ಸೈ ಅನ್ನಿಸಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ. ಹರಪನಹಳ್ಳಿಯ ಮೈದಾನದಲ್ಲಿ ಅವಳು ದನಿ ಏರಿಸಿದಾಗಲೆಲ್ಲ ಕ್ಲಿಕ್ಕಿಸಿದೆ. ಎಲ್ಲದರಲ್ಲೂ ತೆರೆದ ಬಾಯಿ, ಉಬ್ಬಿದ ಕೊರಳ ನರ. ಕೊಟ್ರಪ್ಪ ತೆಗೆದದ್ದು ಒಂದೇ. ಅದರಲ್ಲಿ ಅವ್ವ ಸಾಲು ಮುಗಿಸಿ ಹಿಮ್ಮೇಳಕ್ಕೆ ಬಿಟ್ಟು, ಪಕ್ಕದಲ್ಲಿ ಹಿಮ್ಮೇಳ ಹಾಡುವ ಗಂಗಮ್ಮನ ಕಡೆಗೆ ಕಣ್ಣು ಹೊರಳಿಸಿ ನಗುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ಆ ಮುಖ ನೋಡಿರಲಿಲ್ಲ.

"ನಿನ್ನ ಫೋಟೋದಾಗ ನಾನು ಯಾರ್ನೋ ಬೈಯಾಕತ್ತಂಗ ಅದೀನಿ ನೋಡು," ಎಂದಳು ಅವ್ವ. ಕೊಟ್ರಪ್ಪನದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಊಟಕ್ಕೆ ಕೂತರೆ ಎದುರಿಗೇ ಅದು.

ಕೇಳಿದರೆ ಗುಟ್ಟೇನೂ ಮಾಡುತ್ತಿರಲಿಲ್ಲ ಆಸಾಮಿ. "ಲೇ ತಮ್ಮಾ, ಹಾಡೋ ಮುಂದ ಅವರ ಮುಖ ದೇವರ ಕಡಿ ಇರತೈತಿ. ಹಿಮ್ಮೇಳಕ್ಕ ಬಿಟ್ಟಾಗ ನಮ್ಮ ಕಡಿ ಬರತೈತಿ. ಆವಾಗ ಹೊಡಿ. ಅವರ ಜೋಡಿ ನಾವೂ ಹಾಡಿದ್ರ ಆ ಹೊತ್ತು ತಾನಾಗೇ ಗೊತ್ತಾಗತೈತಿ," ಎನ್ನುತ್ತಿದ್ದ. ಇಷ್ಟು ಧಾರಾಳವಾಗಿ ಹೇಳಿಕೊಡುವವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಅದರಿಂದ ನನಗೆ ಇನ್ನಷ್ಟು ಉರಿ.

ಹೋದ ವರ್ಷ ಎದೆನೋವೆಂದು ಅವನನ್ನು ದಾವಣಗೆರೆಗೆ ಕರೆದೊಯ್ದರು. ಜೀವಂತ ತಿರುಗಿ ಬರಲಿಲ್ಲ. ಈ ಸಲ ಕೂಡ್ಲಿಗಿಯ ಉತ್ಸವದಲ್ಲಿ ಅವ್ವ ಹಾಡುವಾಗ ನಾನು ಉದ್ದ ಲೆನ್ಸು ಬಿಚ್ಚಿಟ್ಟು ವೇದಿಕೆಯ ಬುಡದಲ್ಲೇ ಕೂತೆ. ನಾಚಿಕೆ ಬಿಟ್ಟು ಸಾಲಿನ ಜೊತೆ ಸಾಲು ಹಾಡಿದೆ. ಅವ್ವ ಹಿಮ್ಮೇಳಕ್ಕೆ ಬಿಟ್ಟಳು, ನನ್ನ ಅಪಸ್ವರ ಕೇಳಿ ಮುಖ ಅರಳಿಸಿದಳು. ಸಿಕ್ಕಿತು.

ಫೋಟೋವನ್ನು ಅವ್ವ ಬಹಳ ಹೊತ್ತು ನೋಡಿದಳು. "ಚಲೋ ಬಂದೈತಪ್ಪ. ಕೊಟ್ರಪ್ಪನ ಮನಿಗೂ ಒಂದು ಕೊಟ್ಟು ಬಾ," ಎಂದಳು.

ಚಿಗಟೇರಿಗೆ ಹೋಗಿ, "ಅವ್ವ ಕೊಟ್ಟು ಕಳಿಸ್ಯಾಳ್ರಿ," ಎಂದು ಕೊಟ್ರಪ್ಪನ ಹೆಂಡತಿಯ ಕೈಗೆ ಕೊಟ್ಟೆ. ಆಕೆ ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಮ್ಮನಿಯವ್ರು ತೆಗ್ದಿದ್ದಲ್ಲೇನಪ್ಪ ಇದು? ನೋಡಿದ ಕೂಡ್ಲೆ ಗುರ್ತು ಹತ್ತಿತು."

ಹೌದೆಂದರೆ ಆ ಜೀವಕ್ಕೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೌದೆನ್ನಲು ಬಾಯಿಯನ್ನೂ ತೆರೆದೆ.

"ಅಲ್ರೀ ಅಕ್ಕಾ," ಎಂದೆ, "ನಾನು ತೆಗ್ದಿದ್ದು."